ನೀರು ಹೆಚ್ಚಾದರೂ ಹೊಲ ಕೆಡುತ್ತದೆ



ತುಂಗಭದ್ರಾ ಅಣೆಕಟ್ಟು ಹೊಸಪೇಟೆ ಹತ್ತಿರ ಇದೆ. 1953ರಲ್ಲಿ ಕಟ್ಟಿ ಮುಗಿಸಿದರು. ಅದರ ಎಡದಂಡೆ ಕಾಲುವೆ ನಮ್ಮ ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ ನೀರು ಕೊಡುತ್ತದೆ. ಹೆಚ್ಚು ಹೊಲಗಳಲ್ಲಿ ಜೋಳ, ಹತ್ತಿ, ಶೇಂಗಾ ಬೆಳೆಯಬೇಕು, ಭತ್ತ ಸ್ವಲ್ಪವೇ ಇರಬೇಕು ಎಂದು ಯೋಜನೆ ಮಾಡಿದ್ದರು. ಆದರೆ ಭತ್ತಕ್ಕೆ ರೊಕ್ಕ ಬರುತ್ತದೆ ಅಂತ ಬಹಳ ಜನ ಅದನ್ನೇ ಹಚ್ಚಿದರು, ಅದೂ ವರ್ಷಕ್ಕೆ ಎರಡು ಬೆಳೆ. ಗಂಗಾವತಿಗೆ ‘ಭತ್ತದ ಕಣಜ’ ಎಂಬ ಹೆಸರು ಬಂತು.

ಇದರಿಂದ ಆದದ್ದೇನು? ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಗದ್ದೆಯಲ್ಲಿ ನೀರು ನಿಂತೂ ನಿಂತೂ ಅಂತರ್ಜಲ ಮೇಲೆ ಬರುತ್ತದೆ. ಅದರ ಸಂಗಡ ಒಳಗಿನ ಉಪ್ಪೂ ಏರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ಇದೇ ಸವಳು. ತಟ್ಟೆಯಲ್ಲಿ ಉಪ್ಪುನೀರು ಬಿಸಿಲಿಗಿಟ್ಟು ನೋಡಿರಿ, ತಿಳಿಯುತ್ತದೆ.

ನಮ್ಮ ಎರಡು ಎಕರೆಯಲ್ಲಿ ಒಂದು ಎಕರೆ ಹೀಗೇ ಬೆಳ್ಳಗಾಗಿದೆ. ಅಲ್ಲಿ ಹುಲ್ಲೂ ಸರಿಯಾಗಿ ಬರಲ್ಲ. ಬ್ಯಾಸಗಿಯಲ್ಲಿ ಅಪ್ಪ ಬೆಂಗಳೂರಿಗೆ ದುಡಿಯಲು ಹೋಗ್ತಾರೆ. ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹೊಲ ಕೆಟ್ಟರೆ, ಕೊನೆಯ ಊರುಗಳಿಗೆ ನೀರೇ ಸರಿಯಾಗಿ ಮುಟ್ಟುವುದಿಲ್ಲ.

ಇದಕ್ಕೆ ಉಪಾಯ ಉಂಟು. ಬಸಿಗಾಲುವೆ ತೆಗೆಯಬೇಕು, ಹಸಿರೆಲೆ ಗೊಬ್ಬರ ಹಾಕಬೇಕು, ಎರಡನೇ ಬೆಳೆಗೆ ಜೋಳ ಬಿತ್ತಬೇಕು. ಆದರೆ ಬಸಿಗಾಲುವೆ ಒಬ್ಬರ ಹೊಲದಲ್ಲಿ ತೆಗೆದರೆ ಸಾಲದು, ನೀರು ಹಳ್ಳದ ತನಕ ಹೋಗಬೇಕು. ಅದಕ್ಕೆ ಅಕ್ಕಪಕ್ಕದ ಹೊಲದವರೆಲ್ಲ ಕೂಡಬೇಕು. ನಿಮ್ಮ ಮನೆಯಲ್ಲೂ ಇದನ್ನು ಹೇಳಿರಿ.

– 7ನೇ ತರಗತಿ ವಿದ್ಯಾರ್ಥಿ