ಎರೆಮಣ್ಣಿನ ಮೇಲೆ ಹುಲ್ಲುಹಾಸು

ಪುಣೆಯ ಅನೇಕ ವಸತಿ ಸಂಕೀರ್ಣಗಳ ಅಂಗಳದಲ್ಲಿರುವುದು ಬಸಾಲ್ಟ್ ಶಿಲೆ ಶಿಥಿಲಗೊಂಡು ಉಂಟಾದ ಕಪ್ಪುಮಣ್ಣು. ವಿಜಯಪುರ, ಗದಗ, ಧಾರವಾಡಗಳ ಕಡೆಯಿಂದ ಬಂದು ಅಲ್ಲಿ ನೆಲೆಸಿದವರಿಗೆ ಇಂತಹ ಮಣ್ಣು ಎರೆಯೆಂದೇ ಪರಿಚಿತ. ಜೋಳ, ಹತ್ತಿಗಳಿಗೆ ಒಗ್ಗುವ ಈ ಮಣ್ಣಿನಲ್ಲಿ ಹುಲ್ಲುಹಾಸು ಹಲವೊಮ್ಮೆ ಸೊರಗುತ್ತದೆ. ಮಕ್ಕಳು ಆಡುವ, ಹಿರಿಯರು ಅಡ್ಡಾಡುವ ನೆಲ ಗಟ್ಟಿಯಾಗುತ್ತದೆ. ಹಾಯಿಸಿದ ನೀರು ಇಂಗದೆ ಹರಿದುಹೋಗುತ್ತದೆ. ಆಗ ಇನ್ನಷ್ಟು ನೀರು, ಇನ್ನಷ್ಟು ಯೂರಿಯಾ ಕೊಡುವುದು ರೂಢಿ. ಆದರೆ ಅಲ್ಲಿ ಮುಖ್ಯವಾಗಿ ಕೊರತೆಯಾಗಿರುವುದು ಗಾಳಿ.

ಜೇಡಿಯ ಕಣಗಳು 0.002 ಮಿಲಿಮೀಟರಿಗಿಂತ ಚಿಕ್ಕವು. ಸತತ ತುಳಿತದಿಂದ ಮಣ್ಣಿನ ದೊಡ್ಡ ರಂಧ್ರಗಳು ಮುಚ್ಚಿಹೋಗಿ, ಬೇರುಗಳಿಗೆ ಆಮ್ಲಜನಕ ದೊರೆಯದಂತಾಗುತ್ತದೆ. ನೀರು ಹಾಯಿಸಿದ ಮರುದಿನವೂ ಉದ್ದನೆಯ ಸ್ಕ್ರೂಡ್ರೈವರ್ ನೆಲಕ್ಕೆ ಸುಲಭವಾಗಿ ಇಳಿಯದಿದ್ದರೆ ಮಣ್ಣು ಬಿಗಿದಿದೆಯೆಂದು ತಿಳಿಯಬೇಕು.

ಜೂನ್ ತಿಂಗಳ ಮೊದಲ ಮಳೆಗಳ ನಂತರ ಗರಿಕೆ ಚುರುಕಾಗಿ ಬೆಳೆಯುತ್ತದೆ. ನೆಲವನ್ನು ಸಡಿಲಿಸಲು ಅದೇ ತಕ್ಕ ಸಮಯ. ಮಣ್ಣು ಹದವಾಗಿರಬೇಕು, ಕೆಸರಾಗಿದ್ದಾಗ ಚುಚ್ಚಿದರೆ ರಂಧ್ರದ ಗೋಡೆಗಳು ಮೆತ್ತಿಕೊಂಡು ಮುಚ್ಚುತ್ತವೆ. ತೋಟದ ಫೋರ್ಕ್‌ನಿಂದ 10 ಸೆಂಟಿಮೀಟರ್ ಆಳಕ್ಕೆ, 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ ಚುಚ್ಚಿ, ಹಿಡಿಯನ್ನು ಮೆಲ್ಲಗೆ ಅಲುಗಿಸಬೇಕು. ಮಣ್ಣಿನ ಸಣ್ಣ ಉರುಳೆಗಳನ್ನೇ ಹೊರತೆಗೆಯುವ ಟೊಳ್ಳು ಹಲ್ಲಿನ ಉಪಕರಣ ದೊರೆತರೆ ಇನ್ನೂ ಉತ್ತಮ.

ಬಳಿಕ ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರವನ್ನು ಜರಡಿ ಹಿಡಿದು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಪೊರಕೆಯಿಂದ ರಂಧ್ರಗಳಿಗೆ ಇಳಿಸಬೇಕು. 10 ಚದರ ಮೀಟರಿಗೆ ಸುಮಾರು 50 ಲೀಟರ್ ಗೊಬ್ಬರ ಬೇಕಾಗುತ್ತದೆ. ಹುಲ್ಲಿನ ಎಸಳುಗಳ ತುದಿ ಮೇಲೆ ಕಾಣುತ್ತಿರಬೇಕು.

ಜೇಡಿಮಣ್ಣಿಗೆ ಮರಳು ಬೆರೆಸಿದರೆ ಸಡಿಲವಾಗುವುದೆಂಬ ನಂಬಿಕೆ ವ್ಯಾಪಕವಾಗಿದೆ. ಸ್ವಲ್ಪ ಮರಳಿನಿಂದ ಪ್ರಯೋಜನವಾಗದು. ಮರಳಿನ ಕಣಗಳ ನಡುವೆ ಜೇಡಿ ತುಂಬಿಕೊಂಡು ನೆಲ ಮತ್ತಷ್ಟು ಗಡುಸಾಗಬಹುದು. ಜಿಪ್ಸಂ ಉಪಯುಕ್ತವಾಗುವುದು ಮುಖ್ಯವಾಗಿ ಸೋಡಿಯಂ ಅಧಿಕವಿರುವ ಮಣ್ಣಿಗೆ; ಆದುದರಿಂದ ಮಣ್ಣು ಪರೀಕ್ಷೆ ಮಾಡಿಸದೆ ಅದಕ್ಕೆ ಹಣ ವ್ಯಯಿಸಬಾರದು.

ಒಮ್ಮೆ ಕತ್ತರಿಸುವಾಗ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನೀರನ್ನು ಒಮ್ಮೆಲೇ ಸುರಿಯದೆ, ಅರ್ಧ ಗಂಟೆಯ ಬಿಡುವಿನಲ್ಲಿ ಎರಡು ಸಲ ಕೊಟ್ಟರೆ ಅದು ಹರಿದುಹೋಗದೆ ಇಂಗುತ್ತದೆ. ನಡೆದಾಡಲು ಕಲ್ಲುಹಾಸಿನ ಕಿರುದಾರಿಯನ್ನು ಮಾಡಿದರೆ ತುಳಿತ ತಗ್ಗುತ್ತದೆ.

ಒಂದೇ ವರ್ಷದಲ್ಲಿ ಎರೆಯ ಗುಣ ಬದಲಾಗುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಈ ಕ್ರಮವನ್ನು ಅನುಸರಿಸಿದರೆ ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿ ಎರೆಹುಳುಗಳು ನೆಲೆಸುತ್ತವೆ. ಫೋರ್ಕ್ ಮಾಡುತ್ತಿದ್ದ ಕೆಲಸದಲ್ಲಿ ಬಹುಪಾಲನ್ನು ಮುಂದೆ ಅವೇ ಮಾಡುತ್ತವೆ.