ಮೀರಾ ನಕ್ಷತ್ರದ ಬೆಳಕನ್ನು ಅಳೆಯಲು ಏಳು ಸೂತ್ರಗಳು

ತಿಮಿಂಗಿಲ ನಕ್ಷತ್ರಪುಂಜದ ಮೀರಾ ಒಂದು ಕೆಂಪು ದೈತ್ಯ. ಕೆಲವು ವಾರ ಬರಿಗಣ್ಣಿಗೇ ಕಾಣುತ್ತದೆ, ಆಮೇಲೆ ತಿಂಗಳುಗಟ್ಟಲೆ ಮರೆಯಾಗುತ್ತದೆ. ಸುಮಾರು 500 ಕೋಟಿ ವರ್ಷಗಳ ನಂತರ ನಮ್ಮ ಸೂರ್ಯನೂ ಉಬ್ಬಿ ಕೆಂಪಾಗುತ್ತಾನೆ. ಆ ಮುಪ್ಪು ಹೇಗಿರುತ್ತದೆ ಎಂಬುದನ್ನು ಮೀರಾ ಈಗಲೇ ತೋರಿಸುತ್ತಿದೆ. ಅದರ ಏರಿಳಿತವನ್ನು ನೀವೇ ದಾಖಲಿಸಬಹುದು. ಹೀಗೆ ಮಾಡಿ.

1. ಋತು ನೋಡಿ ಹೊರಡಿ. ಸಂಜೆಯ ವೀಕ್ಷಣೆಗೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಮೀರಾದ ಒಂದು ಸುತ್ತು ಸುಮಾರು 332 ದಿನ. ಹಾಗಾಗಿ ಅದು ಅತಿ ಹೆಚ್ಚು ಬೆಳಗುವ ಸಮಯ ಪ್ರತಿವರ್ಷ ಒಂದು ತಿಂಗಳಷ್ಟು ಮುಂಚೆ ಬರುತ್ತದೆ. ಮೇ ಆಸುಪಾಸಿಗೆ ಬಂದರೆ ಸೂರ್ಯನ ಪ್ರಭೆಯಲ್ಲಿ ಮುಚ್ಚಿಹೋಗುತ್ತದೆ.

2. ಜಾಗ ಪಕ್ಕಾ ಮಾಡಿಕೊಳ್ಳಿ. ಕೃತ್ತಿಕೆ ನೆತ್ತಿಯ ಬಳಿ ಇರುವಾಗ ನೈಋತ್ಯಕ್ಕೆ ಇಳಿಯಿರಿ. ಚಾಚಿದ ಕೈಯ ಎರಡು ಮುಷ್ಟಿಗಿಂತ ತುಸು ದೂರದಲ್ಲಿ ಇದೇ ಪುಂಜದ ಮೆಂಕಾರ್ ನಕ್ಷತ್ರ ಇದೆ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ ವಾಲಿ, ಒಂದು ಮುಷ್ಟಿಗಿಂತ ತುಸು ಹೆಚ್ಚು ಸಾಗಿದರೆ ಮೀರಾದ ಜಾಗ.

3. ನೆರೆಯ ನಕ್ಷತ್ರಗಳೇ ಅಳತೆಗೋಲು. ಮೆಂಕಾರ್‌ನ ಕಾಂತಿಮಾನ 2.5, ಗಾಮಾ ಸೆಟಿಯದು 3.5, ಡೆಲ್ಟಾ ಸೆಟಿಯದು 4.1. ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಮೀರಾ ಕೊನೆಯ ಎರಡರ ನಡುವೆ ಕಂಡರೆ 3.8 ಎಂದು ಬರೆಯಿರಿ. ಅದು 9ರ ಸುತ್ತ ಇಳಿದಾಗ ಚಿಕ್ಕ ಟೆಲಿಸ್ಕೋಪ್ ಬೇಕು.

4. ದಿಟ್ಟಿಸಬೇಡಿ. ಕೆಂಪು ಬೆಳಕನ್ನು ನೋಡುತ್ತಲೇ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ಪ್ರಖರವಾಗಿ ತೋರುತ್ತದೆ. ಕ್ಷಣಕಾಲ ನೋಡಿ, ಹೋಲಿಸಿ, ಕಣ್ಣು ಸರಿಸಿ. ವಾರಕ್ಕೊಮ್ಮೆ ನೋಡಿದರೆ ಸಾಕು.

5. ಕಾರಣ ತಿಳಿದುಕೊಳ್ಳಿ. ಮೀರಾ ಹಿಗ್ಗುತ್ತದೆ, ಕುಗ್ಗುತ್ತದೆ. ಅದರ ಹೊರಪದರ ತಣ್ಣಗಾದಾಗ ಟೈಟಾನಿಯಂ ಆಕ್ಸೈಡ್ ಅಣುಗಳು ಹೆಚ್ಚಿ, ಕಣ್ಣಿಗೆ ಕಾಣುವ ಬೆಳಕನ್ನು ಹೀರಿಕೊಳ್ಳುತ್ತವೆ. ಅದಕ್ಕೇ ನಮಗೆ ನೂರಾರು ಪಟ್ಟು ವ್ಯತ್ಯಾಸ ಕಾಣುತ್ತದೆ. ಅವಕೆಂಪು ಕಿರಣಗಳಲ್ಲಿ ನೋಡಿದರೆ ಏರಿಳಿತ ತೀರಾ ಕಡಿಮೆ. ಎಲ್ಲ ಸುತ್ತುಗಳೂ ಒಂದೇ ತರಹ ಇರುವುದಿಲ್ಲ. 1779ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಕಂಡಾಗ ಮೀರಾ ಹೆಚ್ಚುಕಡಿಮೆ ರೋಹಿಣಿಯಷ್ಟೇ ಬೆಳಗುತ್ತಿತ್ತು. ಆದ್ದರಿಂದ ಮುನ್ಸೂಚನೆಯನ್ನಲ್ಲ, ನಿಮ್ಮ ಕಣ್ಣನ್ನು ನಂಬಿ.

6. ಕಾಣದ ರಾತ್ರಿಯನ್ನೂ ಬರೆದಿಡಿ. 1596ರಲ್ಲಿ ಡೇವಿಡ್ ಫ್ಯಾಬ್ರಿಸಿಯಸ್ ಈ ನಕ್ಷತ್ರವನ್ನು ಗುರುತಿಸಿದರು, ಅದು ಮಾಯವಾಯಿತು. ಮತ್ತೆ ಮತ್ತೆ ಬರುತ್ತದೆ, ಅದಕ್ಕೆ ಸುಮಾರು 11 ತಿಂಗಳ ಲಯವಿದೆ ಎಂಬುದು ಗೊತ್ತಾಗಿದ್ದು 1638ರಿಂದ ಬೆನ್ನುಹತ್ತಿದ ಯೊಹಾನೆಸ್ ಹೋಲ್ವಾರ್ಡಾ ಅವರ ವೀಕ್ಷಣೆಯಿಂದ. ‘ಇಂದು ಕಾಣಲಿಲ್ಲ’ ಎಂಬುದೂ ಮಾಹಿತಿಯೇ. ಅದರ ಜೊತೆಗೆ, ಆ ರಾತ್ರಿ ಕಂಡ ಅತಿ ಮಂಕು ನಕ್ಷತ್ರ ಯಾವುದೆಂದೂ ನಮೂದಿಸಿ.

7. ದಾಖಲೆ ಹಂಚಿಕೊಳ್ಳಿ. ಇಂಥ ವೀಕ್ಷಣೆ ನಮ್ಮಲ್ಲಿ ಹೊಸದಲ್ಲ: 1867ರಲ್ಲಿ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅವರು ಮೀರಾ ಬಗೆಯದೇ ಆದ ಆರ್ ರೆಟಿಕ್ಯುಲಿ ನಕ್ಷತ್ರದ ಬೆಳಕು ಬದಲಾಗುವುದನ್ನು ಗುರುತಿಸಿದ್ದರು. 1911ರಲ್ಲಿ ಶುರುವಾದ ಅಮೆರಿಕದ ಎಎವಿಎಸ್‌ಒ ಸಂಸ್ಥೆ ಜಗತ್ತಿನ ಎಲ್ಲೆಡೆಯ ಹವ್ಯಾಸಿಗಳ ಅಳತೆಗಳನ್ನು ಸ್ವೀಕರಿಸುತ್ತದೆ. ದಿನಾಂಕ, ಸಮಯ, ಹೋಲಿಸಿದ ನಕ್ಷತ್ರಗಳ ಹೆಸರು ಸೇರಿಸಿ ಕಳಿಸಿ. ದೊಡ್ಡ ದೂರದರ್ಶಕಗಳಿಗೆ ಒಂದೇ ನಕ್ಷತ್ರವನ್ನು ವರ್ಷವಿಡೀ ಕಾಯುವಷ್ಟು ಬಿಡುವಿಲ್ಲ. ಆ ಕೆಲಸ ನಿಮ್ಮಿಂದ ಆಗುತ್ತದೆ, ಕ್ರಮ ತಪ್ಪದಿದ್ದರೆ ಸಾಕು.