ಭಯದ ಗಣಿತ: ಶಸ್ತ್ರಸ್ಪರ್ಧೆಯನ್ನು ಕುರಿತ ಒಂದು ಪಾಠ

ಸಭಾಂಗಣದಲ್ಲಿ ಧ್ವನಿವರ್ಧಕವು ಹಠಾತ್ತನೆ ಕಿರುಚಿಕೊಳ್ಳುವುದನ್ನು ವಾಚಕರೆಲ್ಲರೂ ಕೇಳಿರುತ್ತಾರೆ. ಭಾಷಣಕಾರನು ಇನ್ನೂ ಒಂದು ಮಾತನ್ನೂ ಆಡಿರುವುದಿಲ್ಲ. ಆದರೂ ಶಬ್ದವು ಕ್ಷಣಾರ್ಧದಲ್ಲಿ ಕಿವಿ ಬಿರಿಯುವಂತೆ ಬೆಳೆಯುತ್ತದೆ. ಕಾರಣವು ಸರಳವಾದುದು. ಮೈಕನ್ನು ಹೊಕ್ಕ ಅತ್ಯಲ್ಪ ಸದ್ದು ಹಿಗ್ಗಿ ಧ್ವನಿವರ್ಧಕದಿಂದ ಹೊರಬರುತ್ತದೆ. ಹೊರಬಂದುದು ಮತ್ತೆ ಮೈಕನ್ನು ಸೇರುತ್ತದೆ. ಸೇರಿದುದು ಮತ್ತಷ್ಟು ಹಿಗ್ಗುತ್ತದೆ. ಒಂದು ಸುತ್ತಿನಲ್ಲಿ ಆಗುವ ವೃದ್ಧಿಯು ಅದೇ ಸುತ್ತಿನ ನಷ್ಟಕ್ಕಿಂತ ಕಡಮೆಯಾಗಿದ್ದರೆ ಸದ್ದು ಅಡಗುತ್ತದೆ. ಹೆಚ್ಚಾಗಿದ್ದರೆ ಕಿರುಚಾಟ ತಪ್ಪದು.

ಪ್ರಬಲ ರಾಷ್ಟ್ರಗಳ ಯುದ್ಧಸಿದ್ಧತೆಯೂ ಇಂತಹುದೇ ಒಂದು ಸುತ್ತು. ಒಂದು ದೇಶವು ಆತ್ಮರಕ್ಷಣೆಗೆಂದು ಸೈನ್ಯವನ್ನು ಬೆಳೆಸುತ್ತದೆ. ನೆರೆಯ ದೇಶಕ್ಕೆ ಅದು ರಕ್ಷಣೆಯಾಗಿ ಕಾಣದೆ ಬೆದರಿಕೆಯಾಗಿ ಕಾಣುತ್ತದೆ. ಅದೂ ತನ್ನ ಸೈನ್ಯವನ್ನು ಬೆಳೆಸುತ್ತದೆ. ಅದನ್ನು ಕಂಡು ಮೊದಲನೆಯ ದೇಶದ ಭಯವು ಇಮ್ಮಡಿಸುತ್ತದೆ. ಈ ಸುತ್ತನ್ನು ಗಣಿತದ ಸೂತ್ರಗಳಲ್ಲಿ ಹಿಡಿದಿಡಲು ಯತ್ನಿಸಿದವರು ಲ್ಯೂಯಿಸ್ ಫ್ರೈ ರಿಚರ್ಡ್‌ಸನ್ (1881–1953) ಎಂಬ ಆಂಗ್ಲ ಭೌತವಿಜ್ಞಾನಿ.

ವಾಯುಗುಣವನ್ನು ಲೆಕ್ಕದಿಂದಲೇ ಮುಂಚಿತವಾಗಿ ತಿಳಿಯಬಹುದೆಂದು 1922ರಲ್ಲಿ ಗ್ರಂಥ ಬರೆದವರು ಇವರೇ. ರಿಚರ್ಡ್‌ಸನ್ನರು ಕ್ವೇಕರ್ ಪಂಥದವರು. ಶಸ್ತ್ರ ಹಿಡಿಯಲು ಒಪ್ಪದವರು. ಆದರೂ ಮೊದಲನೆಯ ಮಹಾಯುದ್ಧದಲ್ಲಿ ಮನೆಯಲ್ಲಿ ಕುಳಿತಿರಲಿಲ್ಲ. 1916ರಿಂದ 1919ರ ವರೆಗೆ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನಪಡೆಯಲ್ಲಿ ಸೇವೆ ಸಲ್ಲಿಸಿದರು. 1920ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯು ವಾಯುಸೇನೆಯನ್ನು ನೋಡಿಕೊಳ್ಳುವ ಸಚಿವಾಲಯಕ್ಕೆ ಸೇರಿದಾಗ ಆ ಹುದ್ದೆಯನ್ನೂ ತ್ಯಜಿಸಿದರು. ಯುದ್ಧವು ಏಕೆ ಒದಗುತ್ತದೆಂಬ ಪ್ರಶ್ನೆ ಮಾತ್ರ ಅವರನ್ನು ಕಡೆಯವರೆಗೂ ಬಿಡಲಿಲ್ಲ.

ಮೂರು ಕಾರಣಗಳು

ಒಂದು ದೇಶದ ಸೇನಾವೆಚ್ಚವು ವರ್ಷದಿಂದ ವರ್ಷಕ್ಕೆ ಬದಲಾಗುವ ದರವನ್ನು ಮೂರು ಅಂಶಗಳು ನಿರ್ಧರಿಸುತ್ತವೆಂದು ಅವರು ಭಾವಿಸಿದರು. ಮೊದಲನೆಯದು ಭಯ: ಎದುರಾಳಿಯ ಶಸ್ತ್ರಬಲ ಹೆಚ್ಚಿದಷ್ಟೂ ನಮ್ಮ ವೆಚ್ಚವು ಏರುತ್ತದೆ. ಎರಡನೆಯದು ಭಾರ: ನಮ್ಮ ವೆಚ್ಚವು ಈಗಾಗಲೇ ಹೆಚ್ಚಾಗಿದ್ದಷ್ಟೂ ತೆರಿಗೆ ಕೊಡುವ ಪ್ರಜೆಗಳು ಬಳಲಿ ಏರಿಕೆಗೆ ತಡೆಯೊಡ್ಡುತ್ತಾರೆ. ಮೂರನೆಯದು ಹಳೆಯ ಮನಸ್ತಾಪ. ಅದರ ಸ್ಥಾನದಲ್ಲಿ ಸದ್ಭಾವವಿದ್ದರೆ ಅದು ಏರಿಕೆಯನ್ನು ತಗ್ಗಿಸುತ್ತದೆ. ಭಯ ಮತ್ತು ಭಾರ ಎರಡಕ್ಕೂ ಒಂದೊಂದು ಗುಣಾಂಕವನ್ನು ಕೊಟ್ಟು, ಎರಡು ದೇಶಗಳಿಗೆ ಎರಡು ಸಮೀಕರಣಗಳನ್ನು ಬರೆದರೆ ಸಿದ್ಧಾಂತವು ಮುಗಿಯಿತು.

ಇವುಗಳನ್ನು ಬಿಡಿಸಿದಾಗ ದೊರೆಯುವ ನಿಯಮವು ಗಮನಾರ್ಹವಾದುದು. ಎರಡೂ ದೇಶಗಳ ಭಾರದ ಗುಣಾಂಕಗಳ ಗುಣಲಬ್ಧವು ಭಯದ ಗುಣಾಂಕಗಳ ಗುಣಲಬ್ಧಕ್ಕಿಂತ ದೊಡ್ಡದಾಗಿದ್ದರೆ ಸ್ಪರ್ಧೆಯು ಒಂದು ಮಟ್ಟದಲ್ಲಿ ನೆಲೆ ನಿಲ್ಲುತ್ತದೆ. ಚಿಕ್ಕದಾಗಿದ್ದರೆ ಸಮತೋಲವು ನಿಲ್ಲದು. ಈ ನಿಯಮದಲ್ಲಿ ಮನಸ್ತಾಪಕ್ಕೆ ಸ್ಥಾನವೇ ಇಲ್ಲವೆಂಬುದನ್ನು ನೋಡಿ. ಮನಸ್ತಾಪವು ಸಮತೋಲದ ಮಟ್ಟವನ್ನು ಬದಲಾಯಿಸಬಲ್ಲದು. ಸಮತೋಲವು ಸ್ಥಿರವೋ ಅಸ್ಥಿರವೋ ಎಂಬುದನ್ನು ನಿರ್ಧರಿಸಲಾರದು. ಅಷ್ಟೇ ಅಲ್ಲದೆ, ಇಲ್ಲಿ ಬರುವುದು ಗುಣಲಬ್ಧವಾದುದರಿಂದ, ಒಂದೇ ದೇಶದ ಭಯ ಹೆಚ್ಚಿದರೂ ಎರಡೂ ದೇಶಗಳು ಆ ಸುಳಿಯಲ್ಲಿ ಸಿಲುಕಬಹುದು.

ಐದು ವರ್ಷಗಳ ಲೆಕ್ಕ

ಈಗ ನಿಜವಾದ ಅಂಕಿಗಳನ್ನು ನೋಡೋಣ. 1914ಕ್ಕೆ ಮುಂಚೆ ಯೂರೋಪಿನಲ್ಲಿ ಫ್ರಾನ್ಸ್ ಮತ್ತು ರಷ್ಯಾ ಒಂದು ಕಡೆ, ಜರ್ಮನಿ ಮತ್ತು ಆಸ್ಟ್ರಿಯ-ಹಂಗೇರಿ ಇನ್ನೊಂದು ಕಡೆ ನಿಂತಿದ್ದವು. ಈ ನಾಲ್ಕೂ ದೇಶಗಳ ಒಟ್ಟು ಸೇನಾವೆಚ್ಚವನ್ನು ರಿಚರ್ಡ್‌ಸನ್ನರು ದಶಲಕ್ಷ ಪೌಂಡುಗಳಲ್ಲಿ ಹೀಗೆ ಕೊಟ್ಟಿದ್ದಾರೆ:

1909 — 199.2
1910 — 204.8
1911 — 214.9
1912 — 238.7
1913 — 289.0

ವಾರ್ಷಿಕ ಏರಿಕೆಗಳು ಕ್ರಮವಾಗಿ 5.6, 10.1, 23.8 ಮತ್ತು 50.3. ಪ್ರತಿಯೊಂದು ಏರಿಕೆಯನ್ನೂ ಆಯಾ ಎರಡು ವರ್ಷಗಳ ವೆಚ್ಚದ ಸರಾಸರಿಗೆ ಎದುರಾಗಿ ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ, ನಾಲ್ಕು ಬಿಂದುಗಳೂ ಬಹುಮಟ್ಟಿಗೆ ಒಂದೇ ಸರಳರೇಖೆಯ ಮೇಲೆ ಬೀಳುತ್ತವೆ. ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬೇಕು. ರೇಖೆಯ ಇಳಿಜಾರು 0.73, ಏರಿಕೆಯು ಸೊನ್ನೆಯಾಗುವ ಸ್ಥಾನ ಸುಮಾರು 194. ಎರಡೂ ಬಣಗಳ ಗುಣಾಂಕಗಳು ಸಮವೆಂದು ಇಟ್ಟುಕೊಂಡರೆ, ಭಯದ ಗುಣಾಂಕದಿಂದ ಭಾರದ ಗುಣಾಂಕವನ್ನು ಕಳೆದು ಉಳಿಯುವುದೇ ಈ 0.73. ಎಂದರೆ ಭಯವು ಭಾರವನ್ನು ಮೀರಿತ್ತು.

ಇನ್ನೊಂದು ಬಗೆಯಿಂದಲೂ ನೋಡಬಹುದು. ಪ್ರತಿ ವರ್ಷದ ಮೊತ್ತದಿಂದ 194ನ್ನು ಕಳೆಯಿರಿ. ಉಳಿಯುವ ಸಂಖ್ಯೆಗಳು 5.2, 10.8, 20.9, 44.7, 95.0. ವರ್ಷಕ್ಕೊಮ್ಮೆ ಅದು ಸುಮಾರಾಗಿ ಇಮ್ಮಡಿಯಾಗುತ್ತ ಬಂದಿದೆ! 194 ಎಂಬುದು ಮೊನೆಯ ಮೇಲೆ ನಿಲ್ಲಿಸಿದ ಸೀಸದಕಡ್ಡಿಯಂತಹ ಅಸ್ಥಿರ ಸಮತೋಲ. ಅದಕ್ಕಿಂತ ಕೆಳಗಿದ್ದಿದ್ದರೆ, ಇದೇ ಸಮೀಕರಣದಂತೆ ವೆಚ್ಚವು ಇಳಿಯುತ್ತ ಹೋಗಬೇಕಾಗಿತ್ತು. ಸ್ವಲ್ಪವೇ ಮೇಲಿದ್ದುದರಿಂದ ಏರುತ್ತ ಹೋಯಿತು.

ಈ ಅಂಕಿಗಳ ಹಿಂದೆ ಮನುಷ್ಯರ ನಿರ್ಧಾರಗಳಿದ್ದವು. 1913ರಲ್ಲಿ ಜರ್ಮನಿಯು ತನ್ನ ಸೈನ್ಯವನ್ನು ಹಿರಿದಾಗಿ ವಿಸ್ತರಿಸುವ ಶಾಸನವನ್ನು ಮಾಡಿತು. ಅದೇ ವರ್ಷ ಫ್ರಾನ್ಸು ಕಡ್ಡಾಯ ಸೈನಿಕಸೇವೆಯ ಅವಧಿಯನ್ನು ಎರಡು ವರ್ಷಗಳಿಂದ ಮೂರಕ್ಕೆ ಏರಿಸಿತು. ಎರಡೂ ಕಡೆಗಳಲ್ಲಿ ಮಂತ್ರಿಗಳು ತಮ್ಮದು ಕೇವಲ ರಕ್ಷಣೆಯೆಂದು ನಂಬಿದ್ದಿರಬಹುದು. ಮರುವರ್ಷದ ಆಗಸ್ಟ್ ತಿಂಗಳಲ್ಲಿ ಯುದ್ಧವು ಬಂದೇ ಬಂದಿತು.

ಸಿದ್ಧಾಂತದ ಮಿತಿ

ಹಾಗಾದರೆ ಯುದ್ಧವು ಗ್ರಹಣದಂತೆ ಅನಿವಾರ್ಯವೇ? ಅಲ್ಲ. ನಾಲ್ಕು ಬಿಂದುಗಳು ಒಂದು ರೇಖೆಯ ಮೇಲೆ ಬಿದ್ದ ಮಾತ್ರಕ್ಕೆ ಪ್ರಕೃತಿನಿಯಮವು ಸಿದ್ಧವಾಗದು. ದುರ್ಬಲತೆಯೂ ಕೆಲವು ವೇಳೆ ಆಕ್ರಮಣವನ್ನು ಆಹ್ವಾನಿಸುವುದುಂಟು; ಈ ಸಮೀಕರಣದಲ್ಲಿ ಅದಕ್ಕೆ ಎಡೆಯಿಲ್ಲ. ಜನರು ನಿಂತು ವಿಚಾರ ಮಾಡದಿದ್ದರೆ ಏನಾಗುವುದೆಂಬುದನ್ನು ಮಾತ್ರ ತಮ್ಮ ಸಮೀಕರಣಗಳು ಹೇಳುತ್ತವೆಂದು ರಿಚರ್ಡ್‌ಸನ್ನರೇ ಎಚ್ಚರಿಸಿದ್ದಾರೆ. ಗ್ರಹಗಳಿಗೆ ವಿಚಾರಶಕ್ತಿಯಿಲ್ಲ, ನಮಗಿದೆ.

ವಿಚಾರ ಮಾಡಿದ ನಿದರ್ಶನವೂ ಉಂಟು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ಸ್ಪರ್ಧೆಯಿಂದ ಲೋಕದ ಪರಮಾಣು ಸಿಡಿತಲೆಗಳು 1986ರ ವೇಳೆಗೆ ಸುಮಾರು 70,000ಕ್ಕೆ ಏರಿದ್ದವು. 1987ರಲ್ಲಿ ರೇಗನ್ ಮತ್ತು ಗೊರ್ಬಚೆವ್ ಮಧ್ಯಮವ್ಯಾಪ್ತಿಯ ಕ್ಷಿಪಣಿಗಳನ್ನು ನಾಶಪಡಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಒಬ್ಬರ ನಾಶನವನ್ನು ಇನ್ನೊಬ್ಬರು ಸ್ಥಳಕ್ಕೆ ಬಂದು ಪರೀಕ್ಷಿಸುವ ಏರ್ಪಾಡೂ ಅದರಲ್ಲಿತ್ತು. ಕಣ್ಣಾರೆ ಕಂಡಾಗ ಭಯದ ಗುಣಾಂಕವು ಇಳಿಯುತ್ತದೆ. ಶೀತಲಯುದ್ಧವು ಮುಗಿದು ಇತರ ಒಪ್ಪಂದಗಳೂ ಕೂಡಿಬಂದವು. 2025ರ ವೇಳೆಗೆ ಸಿಡಿತಲೆಗಳು ಸುಮಾರು 12,000ಕ್ಕೆ ತಗ್ಗಿದ್ದವು.

ಆದರೆ ಆ 1987ರ ಒಪ್ಪಂದವು 2019ರಲ್ಲಿ ಕೊನೆಗೊಂಡಿತು. ಸ್ಟಾಕ್‌ಹೋಮಿನ ಶಾಂತಿ ಸಂಶೋಧನ ಸಂಸ್ಥೆಯ ಗಣನೆಯಂತೆ 2024ರಲ್ಲಿ ಜಗತ್ತಿನ ಸೇನಾವೆಚ್ಚವು 2,71,800 ಕೋಟಿ ಡಾಲರುಗಳು; ಬೆಲೆಯೇರಿಕೆಯನ್ನು ಕಳೆದರೂ ಹಿಂದಿನ ವರ್ಷಕ್ಕಿಂತ ಶೇಕಡ 9.4ರಷ್ಟು ಅಧಿಕ. ಇದು ಮತ್ತೊಂದು 1913 ಎಂದು ಸಾರಲು ಈ ಒಂದು ಅಂಕಿಯು ಸಾಲದು. ಆದರೆ ಎಷ್ಟು ವೆಚ್ಚವಾಯಿತೆಂದು ಕೇಳಿ ಸುಮ್ಮನಾಗದೆ, ಏರಿಕೆಯೇ ಏರುತ್ತಿದೆಯೇ ಎಂದು ವರ್ಷವರ್ಷವೂ ಕೇಳಬೇಕೆಂಬುದನ್ನು ಈ ಪಾಠವು ಕಲಿಸುತ್ತದೆ. ಧ್ವನಿವರ್ಧಕವು ಕಿರುಚಿಕೊಂಡಾಗ ಎದ್ದು ಹೋಗಿ ಗುಂಡಿಯನ್ನು ತಿರುಗಿಸುವವನೊಬ್ಬನು ಸಭೆಯಲ್ಲಿರುತ್ತಾನೆ. ರಾಷ್ಟ್ರಗಳ ಸಭೆಯಲ್ಲಿ ಆ ಗುಂಡಿಯು ಪ್ರಜೆಗಳ ಕೈಯಲ್ಲಿರಬೇಕು. ಅದು ಎಲ್ಲಿದೆಯೆಂದು ಅರಿಯುವುದು ಇಂದಿನ ವಿದ್ಯಾರ್ಥಿಗಳ ಕರ್ತವ್ಯ.